ವಿಮೆಯ ನಮೂನೆಯಲ್ಲಿ ತಂಬಾಕಿನ ಪ್ರಶ್ನೆ

(ಗ್ರಾಮ ಪಂಚಾಯತಿ ಸದಸ್ಯರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತಂಬಾಕು ಆರೋಗ್ಯಕ್ಕೆ ಹಾನಿಕರವೆಂದು ಹೇಳಲು ನಾನಿಲ್ಲಿ ನಿಂತಿಲ್ಲ. ಅದು ಪೊಟ್ಟಣದ ಮೇಲೆಯೇ ಅಚ್ಚಾಗಿದೆ. ನಾನು ಹೇಳಬೇಕಾದುದು ಒಂದು ಕಾಗದದ ವಿಚಾರ.

ಖಾಸಗಿ ಆರೋಗ್ಯ ವಿಮೆಗೆ ತುಂಬುವ ನಮೂನೆಯಲ್ಲಿ ತಂಬಾಕು ಸೇವನೆಯ ಪ್ರಶ್ನೆಯೊಂದಿರುತ್ತದೆ. ಹಳ್ಳಿಗಳಲ್ಲಿ ಅದನ್ನು “ಬೀಡಿ, ಸಿಗರೇಟು ಸೇದುತ್ತೀರಾ?” ಎಂದಷ್ಟೇ ಕೇಳುವುದುಂಟು. ಊಟವಾದ ಮೇಲೆ ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವ ತಾಯಂದಿರು ಸಹಜವಾಗಿಯೇ “ಇಲ್ಲಪ್ಪ” ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ವಿಮಾ ಕಂಪನಿಯ ಲೆಕ್ಕದಲ್ಲಿ ಹೊಗೆಸೊಪ್ಪು, ಗುಟ್ಕಾ, ನಶ್ಯ ಎಲ್ಲವೂ ತಂಬಾಕೇ.

ತೊಡಕು ತಿಳಿಯುವುದು ಆಸ್ಪತ್ರೆಗೆ ಸೇರಿದಾಗ. ವೈದ್ಯರು ಕೇಳಿದರೆ ರೋಗಿಯು ನಿಜವನ್ನೇ ಹೇಳುತ್ತಾರೆ, ಹೇಳಲೇಬೇಕು. “20 ವರ್ಷಗಳಿಂದ ಹೊಗೆಸೊಪ್ಪು” ಎಂದು ದಾಖಲೆಯಾಗುತ್ತದೆ. ಆ ದಾಖಲೆಯನ್ನು ಕಂಪನಿಯೂ ತರಿಸಿಕೊಂಡು ನೋಡುತ್ತದೆ. ಮಾಹಿತಿ ಮುಚ್ಚಿಟ್ಟರೆಂಬ ಕಾರಣದಿಂದ ಹಣ ನಿರಾಕರಿಸಲು, ಪಾಲಿಸಿಯನ್ನೇ ರದ್ದುಪಡಿಸಲು ಅದಕ್ಕೆ ಆಸ್ಪದ ದೊರೆಯುತ್ತದೆ.

ನಿಜ ಬರೆಸಿದರೆ ಕಂತು ಹೆಚ್ಚಬಹುದು, ಅರ್ಜಿ ತಿರಸ್ಕೃತವಾಗಲೂಬಹುದು. ಇದನ್ನು ನಾನು ಮರೆಮಾಚುವುದಿಲ್ಲ. ಆದರೆ ಹೆಚ್ಚಿನ ಕಂತನ್ನು ತಿಳಿದು ಕಟ್ಟುವುದು ಬೇರೆ, ಶಸ್ತ್ರಚಿಕಿತ್ಸೆಯ ಮುನ್ನಾದಿನ ಹೊಲ ಅಡವಿಡುವುದು ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ, ಪಾಲಿಸಿಯು ಸತತ 60 ತಿಂಗಳು ನಡೆದ ಬಳಿಕ, ವಂಚನೆ ಸಾಬೀತಾದ ಹೊರತು, ಈ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ. ಆದರೆ ಐದು ವರ್ಷ ಕಾಯಿಲೆ ಬಾರದೆಂದು ಯಾರು ಬರೆದುಕೊಟ್ಟಾರು?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕ್ರಮ ಬೇರೆ. ಅಲ್ಲಿ ತಂಬಾಕು ಸೇವಿಸುವವರೆಂಬ ಕಾರಣಕ್ಕೆ ಯಾರನ್ನೂ ಹೊರಗಿಡುವುದಿಲ್ಲ, ಕಂತೂ ಇಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ; ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, 1.5 ಲಕ್ಷ ರೂಪಾಯಿವರೆಗೆ ನೆರವು. ಆದುದರಿಂದ ಮೊದಲು ತಮ್ಮ ವಾರ್ಡಿನ ಪ್ರತಿ ಮನೆಗೂ ಈ ಕಾರ್ಡು ದೊರೆತಿದೆಯೇ ಎಂದು ನೋಡಬೇಕು.

ಖಾಸಗಿ ವಿಮೆ ಬೇಕೆನ್ನುವವರಿಗೆ ನಮೂನೆಯನ್ನು ಪೂರ್ತಿಯಾಗಿ ಕನ್ನಡದಲ್ಲಿ ಓದಿ ಹೇಳಿಸಿರಿ, ಸಹಿಯಾದ ಪ್ರತಿಯನ್ನು ಕೇಳಿ ಪಡೆಯುವಂತೆ ತಿಳಿಸಿರಿ. ಹಿಂದೆ “ಇಲ್ಲ” ಎಂದು ಬರೆಸಿದವರು, ಕಾಯಿಲೆ ಬರುವ ಮೊದಲೇ, ತಿದ್ದುಪಡಿ ಕೋರಿ ಕಂಪನಿಗೆ ಲಿಖಿತವಾಗಿ ಪತ್ರ ಬರೆಯಲಿ. ತಂಬಾಕು ಬಿಡಲಿಚ್ಛಿಸುವವರಿಗೆ 1800-11-2356 ಉಚಿತ ಸಹಾಯವಾಣಿಯಿದೆ. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿಯ ಸೂಚನಾ ಫಲಕದಲ್ಲಿ ಬರೆಸಬೇಕೆಂದು ಕೋರುತ್ತೇನೆ.