ಓದುವ ಬಗೆ

(ಶ್ರಾವಣ ಮಾಸದ ಪ್ರವಚನ, ಸೊರಟೂರ)



ಕಳೆದ ಶ್ರಾವಣದಲ್ಲಿ ಇದೇ ಗದ್ದುಗೆಯ ಮೇಲೆ ಕುಳಿತು ನಾವು ಒಂದು ಮಾತು ಹೇಳಿದ್ದೆವು. ಐದನೆಯ ಇಯತ್ತೆಯಿಂದ ಎಂಟನೆಯ ಇಯತ್ತೆಯವರೆಗಿನ ಮಕ್ಕಳನ್ನು ದಿನಾಲು ಸಂಜೆ ಎರಡು ತಾಸು ಗಟ್ಟಿಯಾಗಿ ಓದಿಸಿರಿ ಎಂದಿದ್ದೆವು. ನೀವು ಓದಿಸಿದಿರಿ. ದೀಪ ಹಚ್ಚುವ ಹೊತ್ತಿಗೆ ಓಣಿಯಲ್ಲಿ ಹಾಯ್ದುಹೋದರೆ ಮನೆಮನೆಯಿಂದ ಮಕ್ಕಳ ದನಿ ಕೇಳಿಬರುತ್ತಿತ್ತು, ನಮಗೂ ಹಿಗ್ಗಾಗಿತ್ತು. ಆದರೆ ಆ ಮಾತಿನಲ್ಲಿ ಅರ್ಧ ತಪ್ಪಿತ್ತು. ತಪ್ಪಿದ್ದನ್ನು ಆಡಿದ ಕಡೆಯಲ್ಲಿಯೇ ತಿದ್ದಬೇಕೆಂದು ಇಂದು ಈ ವಿಷಯವನ್ನೇ ತೆಗೆದುಕೊಂಡಿದ್ದೇವೆ.

ಮಾಘ ಮಾಸದಲ್ಲಿ ಭಕ್ತರೊಬ್ಬರು ಏಳನೆಯ ಇಯತ್ತೆಯ ಮಗನನ್ನು ಕೈಹಿಡಿದು ಮಠಕ್ಕೆ ಕರೆತಂದರು. "ಅಜ್ಜಾರ, ಈ ಹುಡುಗನ ತಲಿಗೆ ಅಕ್ಷರ ಹತ್ತೂದಿಲ್ರೀ. ಪರೀಕ್ಷಾ ಮುಗದ ಮ್ಯಾಲ ಸಾಲಿ ಬಿಡಿಸಿ ಕುರಿ ಹಿಂದ ಕಳಸ್ತೀನ್ರೀ" ಎಂದರು. ಕುರಿ ಕಾಯುವುದು ಹೀನವಾದ ಕಾಯಕವಲ್ಲ. ಆದರೆ ಇವನಿಗೆ ವಿದ್ಯೆ ಬರುವುದೇ ಇಲ್ಲವೆಂದು ತೀರ್ಪು ಕೊಟ್ಟು ಕಳಿಸುವುದು ಬೇರೆ ಮಾತು. ಹುಡುಗನಿಗೆ ಪುಸ್ತಕ ತೆಗೆಯಲು ಹೇಳಿದೆವು. ಹೊಯ್ಸಳರ ಪಾಠವನ್ನು ಎಲ್ಲಿಯೂ ತಡವರಿಸದೆ ಓದಿದ. "ಪುಸ್ತಕ ಮುಚ್ಚಪ್ಪ, ಈಗ ಓದಿದ್ದನ್ನು ಹೇಳು" ಎಂದೆವು. ಬಾಯಿ ಬರಲಿಲ್ಲ, ಕಣ್ಣಲ್ಲಿ ನೀರು ಬಂದವು. "ಎಷ್ಟು ಸಲ ಓದಿದ್ದೀ?" ಎಂದರೆ, "ಹದಿನೈದ ಸಲ ಓದೇನ್ರೀ" ಎಂದ.

ಹದಿನೈದು ಸಲ! ಇದು ಸೋಮಾರಿಯ ಲಕ್ಷಣವೇ? ಆ ಹುಡುಗನು ನಾವು ಹೇಳಿದಂತೆಯೇ ಮಾಡಿದ್ದನು. ಓದು ಎಂದು ಎಲ್ಲರೂ ಹೇಳಿದೆವು. ಓದಿದ್ದನ್ನು ಹಿಡಿದುಕೊಳ್ಳುವುದು ಹೇಗೆಂಬುದನ್ನು ಒಬ್ಬರೂ ಹೇಳಿರಲಿಲ್ಲ.

ಆ ರಾತ್ರಿ ನಮಗೆ ನಮ್ಮ ಪಾಠಶಾಲೆಯ ದಿನಗಳು ನೆನಪಾದವು. ಅಮರಕೋಶದ ಮೂರು ಕಾಂಡಗಳನ್ನೂ ನಾವು ಗಡಗಡನೆ ಒಪ್ಪಿಸುತ್ತಿದ್ದೆವು. ಒಂದು ದಿನ ಗುರುಗಳು ನಡುವಿನ ಒಂದು ಶಬ್ದವನ್ನೆತ್ತಿ, ಇದು ಯಾವ ವರ್ಗದ್ದು, ಯಾವ ಲಿಂಗ ಎಂದು ಕೇಳಿದರು. ವರ್ಗದ ಮೊದಲಿನಿಂದ ಮನಸ್ಸಿನಲ್ಲಿಯೇ ಓಡಿ ಬಂದರೂ ಆ ಶಬ್ದ ಸಿಕ್ಕಲಿಲ್ಲ. ಗುರುಗಳು ಸಿಟ್ಟಾಗಲಿಲ್ಲ. ಮರುದಿನದಿಂದ ವಿದ್ಯಾರ್ಥಿಗಳನ್ನು ಇಬ್ಬಿಬ್ಬರನ್ನಾಗಿ ಕೂಡಿಸಿ, ಒಬ್ಬ ಕೇಳಬೇಕು, ಒಬ್ಬ ಹೇಳಬೇಕು, ಪುಸ್ತಕ ಕಟ್ಟಿಟ್ಟಿರಬೇಕು ಎಂದು ನಿಯಮ ಮಾಡಿದರು. ಹಳೆಯ ಪಾಠಕ್ರಮವೆಂದರೆ ಬರಿಯ ಉರುಹೊಡೆಯುವುದೆಂದು ಈಗಿನವರು ನಗುತ್ತಾರೆ. ವೇದಪಾಠದಲ್ಲಿ ಪದ, ಕ್ರಮ, ಜಟೆ, ಘನ ಎಂದು ಅದೇ ಮಂತ್ರದ ಪದಗಳನ್ನು ಬಿಡಿಸಿ, ಹಿಂದುಮುಂದಾಗಿ ಹೆಣೆದು ಹೇಳಿಸುತ್ತಿದ್ದುದು ಸುಮ್ಮನೆಯೇ? ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳಿಗೆ ಎಳೆತನದಲ್ಲಿಯೇ ಕಣ್ಣು ಹೋಗಿದ್ದವು. ಕಣ್ಣಿಲ್ಲದ ಶಿಷ್ಯನು ಪುಟ ತಿರುವಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕೇಳಿದ್ದನ್ನು ತಾನೇ ನೆನೆದು ಗುರುವಿನೆದುರು ಹಾಡಿ ತೋರಿಸಲೇಬೇಕು.

ಹೊರದೇಶದ ಪಂಡಿತರೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದರು; ಇನ್ನೊಂದು ಗುಂಪಿನವರು ಓದಿ, ಬದಿಗಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ಮೇಲೆ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರದ ಮೇಲೆ ಕೇಳಿದಾಗ ನೆನೆದು ಬರೆದವರು ಮುಂದೆ ಹೋಗಿದ್ದರು. ಮಕ್ಕಳು ಮೋಸಹೋಗುವುದು ಆ ಐದು ನಿಮಿಷದಲ್ಲಿಯೇ. ಓದಿದ ಕೂಡಲೇ ಎಲ್ಲವೂ ಬಂದಂತೆ ತೋರುತ್ತದೆ, ಪುಸ್ತಕ ಚೀಲಕ್ಕೆ ಹೋಗುತ್ತದೆ.

ಇನ್ನು ಅಂತರದ ಮಾತು. ಜರ್ಮನಿಯ ಎಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಲೆಕ್ಕವಿಟ್ಟು 1885ರಲ್ಲಿ ಗ್ರಂಥ ಬರೆದರು. ಮರೆವು ಮೊದಲು ಬಲು ವೇಗ, ಆಮೇಲೆ ನಿಧಾನ. ಒಂದೇ ದಿನ ಹಲವು ಸಲ ಓದುವುದಕ್ಕಿಂತ ದಿನಗಳನ್ನು ಬಿಟ್ಟು ಓದಿದರೆ ಹೆಚ್ಚು ನಿಲ್ಲುತ್ತದೆ ಎಂದು ಕಂಡುಕೊಂಡರು. ಎರಿ ಹೊಲ ಮಾಡುವ ನಿಮಗೆ ಇದನ್ನು ನಾವು ಹೇಳಿಕೊಡಬೇಕೆ? ಒಂದೇ ರಾತ್ರಿ ಸುರಿದ ದೊಡ್ಡ ಮಳೆ ಹಳ್ಳ ಸೇರುತ್ತದೆ. ನಡುನಡುವೆ ಬಿಟ್ಟು ಬಂದ ಹದಮಳೆ ಬೇರಿಗೆ ಇಳಿಯುತ್ತದೆ. ಬಿತ್ತಿದವನು ಒಮ್ಮೆ ಎಡೆ ಹೊಡೆದು ಸುಮ್ಮನಾಗುತ್ತಾನೆಯೇ?

ಆ ಹುಡುಗನಿಗೆ ಹೀಗೆ ಮಾಡಿಸಿದೆವು. ಪಾಠದ ಒಂದು ಭಾಗ ಓದುವುದು, ಪುಸ್ತಕ ಮುಚ್ಚುವುದು, ಖಾಲಿ ಹಾಳೆಯ ಮೇಲೆ ನೆನಪಿದ್ದಷ್ಟನ್ನು ತನ್ನ ಮಾತಿನಲ್ಲಿ ಬರೆಯುವುದು, ಆಮೇಲೆ ತೆರೆದು ಬಿಟ್ಟುಹೋದದ್ದನ್ನು ನೋಡುವುದು. ಮರುದಿನ ಒಮ್ಮೆ, ಮೂರು ದಿನದ ಮೇಲೆ ಒಮ್ಮೆ, ವಾರದ ಮೇಲೆ ಒಮ್ಮೆ. ಗಣಿತವಾದರೆ ಪುಸ್ತಕದಲ್ಲಿ ಬಿಡಿಸಿಕೊಟ್ಟ ಲೆಕ್ಕದ ಉತ್ತರವನ್ನು ಕೈಯಿಂದ ಮುಚ್ಚಿ ತಾನೇ ಬಿಡಿಸಿ, ಆಮೇಲೆ ಕೂಡಿಸಿ ನೋಡುವುದು. ಮೊದಲ ದಿನ ಹೊಯ್ಸಳರ ಪಾಠದಿಂದ ನಾಲ್ಕೇ ಸಾಲು ಬಂದವು. ಅಳುಬುರುಕನಾದ. ತಪ್ಪಿದ್ದು ಕಂಡದ್ದೇ ಇಂದಿನ ಗಳಿಕೆ ಎಂದು ನಾಲ್ಕು ದಿನ ಹೇಳಬೇಕಾಯಿತು. ಆಮೇಲೆ ನಮ್ಮೂರನ್ನೇ ಅದಕ್ಕೆ ಜೋಡಿಸಿದೆವು. ವೀರಬಲ್ಲಾಳನು 1190ರ ಸುಮಾರಿಗೆ ದೇವಗಿರಿಯ ಸೇವುಣರ ಭಿಲ್ಲಮನನ್ನು ಸೋಲಿಸಿದ್ದು ಇದೇ ಸೊರಟೂರಿನಲ್ಲಿ. ಕಲ್ಯಾಣದ ಚಾಲುಕ್ಯರು ಕ್ಷೀಣರಾದಾಗ ಈ ನಾಡು ಯಾರದೆಂದು ತೆಂಕಣವರೂ ಬಡಗಣವರೂ ಬಡಿದಾಡಿದರು. ಆಮೇಲೆ ಬಲ್ಲಾಳನು ಲಕ್ಕುಂಡಿಯಲ್ಲಿ ಬೀಡುಬಿಟ್ಟನು. "ಯಾಕೆ ಇಲ್ಲಿಯೇ ಕಾದಾಡಿದರು?" ಎಂದು ಹುಡುಗನೇ ನಮ್ಮನ್ನು ಕೇಳಿದ. ಹದಿನೈದು ಸಲ ಓದಿದಾಗ ಹುಟ್ಟದ ಪ್ರಶ್ನೆ ಅದು.

ಅವನು ವರ್ಗಕ್ಕೆ ಮೊದಲಿಗನೇನೂ ಆಗಲಿಲ್ಲ. ಆದರೆ ಹೊಲದಲ್ಲಿ ಬುತ್ತಿ ಬಿಚ್ಚಿದಾಗ ತಂದೆಗೆ ಈ ಕಾಳಗದ ಕಥೆಯನ್ನು ಪೂರಾ ಹೇಳಿದನಂತೆ. ಕುರಿಯ ಮಾತು ಮತ್ತೆ ಬರಲಿಲ್ಲ. ಈಗ ಎಂಟನೆಯ ಇಯತ್ತೆಗೆ ಹೋಗುತ್ತಿದ್ದಾನೆ.

ತಾಯಂದಿರು, "ನಮಗ ಓದಾಕ ಬರೂದಿಲ್ಲ, ನಾವೇನ ಕಲಸೂಣ್ರೀ ಅಜ್ಜಾರ" ಎನ್ನುತ್ತೀರಿ. ರೊಟ್ಟಿ ಬಡಿಯುತ್ತ, "ಇವತ್ತ ಏನ ಕಲತೀ, ನನಗ ತಿಳಿಯೂ ಹಂಗ ಹೇಳು" ಎಂದು ಕೇಳಿರಿ. ನಿಮಗೆ ತಿಳಿಯದಿದ್ದಲ್ಲಿ "ತಿಳೀಲಿಲ್ಲ, ಮತ್ತ ಹೇಳು" ಎನ್ನಿರಿ. ಅಕ್ಷರ ಬಾರದ ತಾಯಿ ಮಾಡಬಹುದಾದ ಪರೀಕ್ಷೆ ಇದು. ನಮ್ಮ ಶೂನ್ಯಸಂಪಾದನೆ ಕೂಡ ಶರಣರ ಪ್ರಶ್ನೋತ್ತರ ರೂಪದಲ್ಲಿಯೇ ಹೆಣೆದ ಗ್ರಂಥವಲ್ಲವೇ? ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನೂ ಕೇಳದೆ ಬಿಡಲಿಲ್ಲ. ಮತ್ತೆ, ಆ ಹೊತ್ತಿನಲ್ಲಿ ಮೊಬೈಲು ತಂದೆಯ ಕೈಯಲ್ಲಿಯೂ ಬೇಡ. ಮಗನಿಗೆ ಓದೆಂದು ಹೇಳಿ ತಾವು ಅದರೊಳಗೆ ಮುಖ ಹಾಕಿ ಕೂಡುವವರನ್ನು ಈ ಸಭೆಯಲ್ಲಿಯೇ ಕಾಣುತ್ತಿದ್ದೇವೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಿಸಿ ಓದಿಸುವುದನ್ನೂ ಬಿಡಿರಿ. ನಿದ್ದೆಯಲ್ಲಿಯೇ ಕಲಿತದ್ದು ನೆಲೆಗೊಳ್ಳುತ್ತದೆ.

ಬರುವ ಸೋಮವಾರದಿಂದ ಮಠದ ಪಡಸಾಲೆಯನ್ನು ಸಂಜೆ ಒಂದು ತಾಸು ಐದರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ತೆರೆದಿಡುತ್ತೇವೆ. ಹೆಣ್ಣುಮಕ್ಕಳನ್ನೂ ಕಳಿಸಿರಿ, ಮನೆಗೆಲಸದ ನೆವ ಹೇಳಬೇಡಿರಿ. ಇಬ್ಬರು ಮಾಸ್ತರರು ಬರಲು ಒಪ್ಪಿದ್ದಾರೆ. ಪುಸ್ತಕದ ಜೊತೆಗೆ ನಾಲ್ಕು ಖಾಲಿ ಹಾಳೆ ತರಬೇಕು. ಬೀಗದ ಕೈಯನ್ನು ಆ ಹುಡುಗನಿಗೇ ಕೊಟ್ಟಿದ್ದೇವೆ.