ಕುಮಾರಪರ್ವತವು ಯಾರದು?



ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿ ಮಿಂದವರು ಈ ಸಭೆಯಲ್ಲಿಯೂ ಅನೇಕರಿರಬಹುದು. ಆ ಹೊಳೆಗೆ ನೀರೂಡುವ ಕುಮಾರಪರ್ವತವು ಪುಷ್ಪಗಿರಿ ವನ್ಯಧಾಮಕ್ಕೆ ಸೇರಿದುದು. 2012ರಲ್ಲಿ ರಷ್ಯಾದೇಶದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆರೆದ ಯುನೆಸ್ಕೋ ಸಮಿತಿಯು ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯೆಂದು ಅಂಗೀಕರಿಸಿತು, ಪುಷ್ಪಗಿರಿಯೂ ಅವುಗಳಲ್ಲೊಂದು.

ನಮ್ಮ ಕಾಡು ಪರರ ಪಾಲಾದೀತು, ನಾವು ಒಕ್ಕಲೇಳಬೇಕಾದೀತು ಎಂಬ ಭೀತಿಯು ಆಗ ಮಲೆನಾಡಿನಲ್ಲಿ ಹಬ್ಬಿತು; ಕರ್ನಾಟಕ ಸರ್ಕಾರವೂ ವಿರೋಧಿಸಿತ್ತು. ಈ ಭೀತಿಯನ್ನು ಕಂಡು ನಗುವುದು ಸಲ್ಲದು. ಕಾಡಂಚಿನ ಒಕ್ಕಲಿಗೆ ತೋಟವೇ ಜೀವವಲ್ಲವೇ?

ಆದರೆ ಭಾರತವು 1977ರಲ್ಲಿ ಒಪ್ಪಿದ, 1972ರ ಆ ಒಡಂಬಡಿಕೆಯು ಹೇಳುವುದೇನು? ನೆಲದ ಪ್ರಭುತ್ವವು ಆಯಾ ದೇಶದ್ದೇ; ಕಾಪಾಡುವ ಕರ್ತವ್ಯದಲ್ಲಿ ಮಾತ್ರ ಸಮಸ್ತ ರಾಷ್ಟ್ರಗಳೂ ಭಾಗಿಗಳು. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವುದು. ಆ ನೀರನ್ನು ತುಂಬೆಯ ಅಣೆಕಟ್ಟಿನಿಂದ ಮಂಗಳೂರು ಕುಡಿಯುವುದು. ಕುಡಿದವರು ಸುಬ್ರಹ್ಮಣ್ಯದ ಗದ್ದೆಗೆ ಒಡೆಯರಾದರೇ? ಇದೂ ಹಾಗೆಯೇ.

ಯುನೆಸ್ಕೋವಿಗೆ ಪೊಲೀಸರಿಲ್ಲ, ದಂಡವಿಲ್ಲ. ವರದಿಯನ್ನು ಕೇಳಬಲ್ಲದು, ಎಚ್ಚರಿಸಬಲ್ಲದು, ಕಡೆಗೆ ಹೆಸರನ್ನು ಅಳಿಸಬಲ್ಲದು. ಇಷ್ಟು ಸಾಲದೆಂದೇ ನನ್ನ ಎಣಿಕೆ. ಜರ್ಮನಿಯ ಡ್ರೆಸ್ಡೆನ್ ನಗರದವರು ಎಲ್ಬೆ ನದಿಗೆ ಸೇತುವೆಯನ್ನು ಕಟ್ಟತೊಡಗಿದರು, ಬುದ್ಧಿವಾದವನ್ನು ಕೇಳಲಿಲ್ಲ. 2009ರಲ್ಲಿ ಆ ಕಣಿವೆಯ ಹೆಸರು ಪಟ್ಟಿಯಿಂದ ಹೋಯಿತು. ಸೇತುವೆಯು ನಿಂತಿತು, ಕಣಿವೆಯು ಜರ್ಮನಿಯದಾಗಿಯೇ ಉಳಿಯಿತು.