ತರುಣರ ಸಿಗರೇಟೂ ರಕ್ತದ ಕೊಬ್ಬೂ

ವಿರಾಜಪೇಟೆಯ ಹತ್ತಿರದ ಬಿಟ್ಟಂಗಾಲದಂಥ ಊರುಗಳ ಹುಡುಗರಿಗೆ ಹಾಕಿ ಕೋಲು ಹೊಸದಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಆರಂಭವಾದದ್ದು ಶ್ರೋತೃಗಳಿಗೆ ತಿಳಿದದ್ದೇ. ಮೈದಾನದಲ್ಲಿ ಓಡುವ, ಕಾಫಿ ತೋಟದ ಏರನ್ನು ದಣಿಯದೆ ಹತ್ತುವ ಇಪ್ಪತ್ತೆರಡರ ತರುಣನಿಗೆ "ಸಿಗರೇಟು ಬಿಡು, ಮಗನೆ" ಎಂದರೆ, "ನನಗೇನಾಗಿದೆ? ಕೆಮ್ಮಿಲ್ಲ, ಏದುಸಿರಿಲ್ಲ" ಎನ್ನುತ್ತಾನೆ. ಅವನ ಮಾತು ಸುಳ್ಳಲ್ಲ. ಆದರೆ ಅವನ ರಕ್ತ ಬೇರೆಯೇ ಲೆಕ್ಕ ಹೇಳುತ್ತದೆ.

ಕೊಬ್ಬು ನೀರಿನಲ್ಲಿ ಕರಗದು. ಆದ್ದರಿಂದ ಅದು ರಕ್ತದಲ್ಲಿ ಸಣ್ಣ ಕಣಗಳಾಗಿ ಸಾಗುತ್ತದೆ. ಎಲ್.ಡಿ.ಎಲ್. ಎಂಬ ಕಣ ಕೊಲೆಸ್ಟರಾಲನ್ನು ಹೊತ್ತು ತಂದು ರಕ್ತನಾಳದ ಗೋಡೆಯಲ್ಲಿ ಇಳಿಸಬಲ್ಲದು. ಎಚ್.ಡಿ.ಎಲ್. ಎಂಬುದು ಹೆಚ್ಚಾದ ಕೊಲೆಸ್ಟರಾಲನ್ನು ಯಕೃತ್ತಿಗೆ ಹಿಂದಕ್ಕೆ ಸಾಗಿಸುತ್ತದೆ. ಟ್ರೈಗ್ಲಿಸರೈಡು ದೇಹದ ಉರುವಲು. ಮಿತಿ ಮೀರಿದರೆ ಅದೂ ಹೊರೆಯೇ.

ಹೊಗೆಯೊಡನೆ ಒಳಹೋದ ನಿಕೋಟಿನ್ ಅಡ್ರಿನಲಿನ್ ಸ್ರಾವವನ್ನು ಹೆಚ್ಚಿಸುತ್ತದೆ. ಅದರಿಂದ ಕೂಡಿಟ್ಟ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ. ಯಕೃತ್ತು ಅದನ್ನು ಟ್ರೈಗ್ಲಿಸರೈಡಾಗಿ ಮಾಡಿ ಮತ್ತೆ ರಕ್ತಕ್ಕೇ ಬಿಡುತ್ತದೆ. ಇತ್ತ ಎಚ್.ಡಿ.ಎಲ್. ಇಳಿಯುತ್ತದೆ. ಹೊಗೆಯ ವಿಷಗಳು ಎಲ್.ಡಿ.ಎಲ್. ಕಣವನ್ನೂ ಕೆಡಿಸುತ್ತವೆ, ಕೆಟ್ಟ ಕಣ ನಾಳದ ಗೋಡೆಗೆ ಇನ್ನಷ್ಟು ಹಾನಿಕರ.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1989ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಲೆಕ್ಕದಂತೆ, ಸೇದದವರಿಗಿಂತ ಸೇದುವವರಲ್ಲಿ ಟ್ರೈಗ್ಲಿಸರೈಡು ಶೇಕಡಾ 9ರಷ್ಟು ಹೆಚ್ಚು, ಎಚ್.ಡಿ.ಎಲ್. ಸುಮಾರು 6ರಷ್ಟು ಕಡಿಮೆ. ಮರುವರ್ಷ 8ರಿಂದ 19 ವಯಸ್ಸಿನವರನ್ನೇ ಕುರಿತು ಇಂಥದೇ ಲೆಕ್ಕ ಹೊರಬಂತು. ಅಲ್ಲಿ ಟ್ರೈಗ್ಲಿಸರೈಡಿನ ಏರಿಕೆ ಸುಮಾರು 12, ಎಚ್.ಡಿ.ಎಲ್. ಇಳಿಕೆ 8ಕ್ಕೂ ಮಿಗಿಲು. ಎಳೆಯ ಮೈ ತಡೆದುಕೊಳ್ಳುತ್ತದೆ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. "ದಿನಕ್ಕೆ ನಾಲ್ಕೇ" ಎಂಬ ಸಮಾಧಾನವೂ ಸಲ್ಲದು. ಕಡಿಮೆ ಸೇದುವವರಲ್ಲಿಯೂ ಎಚ್.ಡಿ.ಎಲ್. ಇಳಿದದ್ದು ಕಂಡಿದೆ.

ನಮ್ಮ ದೇಶದವರಲ್ಲಿ ಎಚ್.ಡಿ.ಎಲ್. ಕಡಿಮೆಯಿರುವುದೂ ಟ್ರೈಗ್ಲಿಸರೈಡು ಹೆಚ್ಚಿರುವುದೂ ಮೊದಲೇ ಸಾಮಾನ್ಯ. ತೂತು ಬಿದ್ದ ಕೊಡದಿಂದ ಮತ್ತೊಂದು ಚೊಂಬು ಮೊಗೆದಂತೆ, ಇರುವ ಅಲ್ಪವನ್ನೂ ಸಿಗರೇಟು ಕಳೆಯುತ್ತದೆ. ಓಟ, ಆಟಗಳು ಎಚ್.ಡಿ.ಎಲ್. ಹೆಚ್ಚಿಸುತ್ತವೆ, ನಿಜ, ಮೈದಾನದಲ್ಲಿ ಗಳಿಸಿದ್ದನ್ನು ಮೈದಾನದ ಹೊರಗೆ ಸುಡುವುದೇಕೆ?

ರಕ್ತಪರೀಕ್ಷೆ ಮಾಡಿಸಿದಾಗ ಒಟ್ಟು ಕೊಲೆಸ್ಟರಾಲಿನ ಅಂಕಿಯೊಂದನ್ನೇ ನೋಡಿ ನೆಮ್ಮದಿಪಡಬಾರದು. ಒಟ್ಟು ಸರಿಯಾಗಿದ್ದೂ ಒಳಗಿನ ಪಾಲು ಕೆಟ್ಟಿರಬಹುದು. ಎಚ್.ಡಿ.ಎಲ್. ಗಂಡಸರಲ್ಲಿ ಡೆಸಿಲೀಟರಿಗೆ 40, ಹೆಂಗಸರಲ್ಲಿ 50 ಮಿಲಿಗ್ರಾಮಿಗಿಂತ ಕಡಿಮೆಯಾದರೆ, ಇಲ್ಲವೆ ಟ್ರೈಗ್ಲಿಸರೈಡು 150 ದಾಟಿದರೆ, ವೈದ್ಯರನ್ನು ಕೇಳಬೇಕು. ಆದರೆ ಅಂಕಿಗಳೆಲ್ಲ ಸರಿಯಾಗಿದ್ದರೂ ಅದು ಸೇದಲು ರಹದಾರಿಯಲ್ಲ. ರಕ್ತ ಹೆಪ್ಪುಗಟ್ಟುವಂತೆ ಮಾಡಿ, ನಾಳಗಳನ್ನು ಬಿಗಿದು, ಹೊಗೆ ಬೇರೆ ದಾರಿಯಿಂದಲೂ ಹೃದಯವನ್ನು ಹೊಡೆಯುತ್ತದೆ.

ಒಂದು ಒಳ್ಳೆಯ ಸುದ್ದಿಯೂ ಉಂಟು. ಸೇದುವುದನ್ನು ಪೂರ್ತಿ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಚ್.ಡಿ.ಎಲ್. ಮೇಲೇರತೊಡಗುತ್ತದೆ. ನಾಳಗಳಲ್ಲಿ ವರ್ಷಗಟ್ಟಲೆ ಕಟ್ಟಿದ ಗಂಟು ಅಷ್ಟು ಬೇಗ ಹೋಗದು. ಅದು ಕಟ್ಟುವ ಮುನ್ನವೇ ಬಿಡುವುದರ ಲಾಭ ತರುಣರಿಗೇ ಹೆಚ್ಚು. ಒಬ್ಬರಿಂದಲೇ ಆಗದಿದ್ದರೆ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಖರ್ಚಿಲ್ಲದೆ ಕರೆಮಾಡಬಹುದು. ಮನೆಯ ಹಿರಿಯರು ಗದರಿಸುವುದಕ್ಕಿಂತ ಈ ಲೆಕ್ಕವನ್ನು ಮಕ್ಕಳ ಮುಂದಿಡಲಿ. ತಾವೂ ಸೇದುವವರಾದರೆ, ಮೊದಲು ತಾವೇ ಬಿಡಲಿ.